ಜಕ್ಕೂರು ಕೆರೆ ಏರಿಯ ಮೇಲೆ ಒಂದು ಬೆಳಗು

ಯಲಹಂಕದ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಐದೂವರೆಗೇ ಎದ್ದು ಜಕ್ಕೂರು ಕೆರೆಗೆ ಹೊರಟೆ. ದಾವಣಗೆರೆಯಿಂದ ಬಂದು ಬೆಂಗಳೂರಲ್ಲಿ ಕೆರೆ ನೋಡ್ತೀಯಾ ಅಂತ ಭಾವ ಕೇಳಿದರು. ನನಗಂತೂ ತುಂಬಾ ದಿನದಿಂದ ಆಸೆ ಇತ್ತು. ವರ್ಷವಿಡೀ ಚರಂಡಿ ನೀರನ್ನೇ ಶುದ್ಧ ಮಾಡಿ ತುಂಬಿಸುವ ಕೆರೆಯಲ್ಲಿ ಹಕ್ಕಿಯೂ ಇದೆ, ಮೀನೂ ಇದೆ ಅಂತ ಕೇಳಿದ್ದೆ. ಕಣ್ಣಾರೆ ನೋಡಬೇಕಿತ್ತು.

ಬಳ್ಳಾರಿ ರಸ್ತೆಯಲ್ಲಿ ಜಕ್ಕೂರು ಏರೋಡ್ರೋಮ್ ಹತ್ತಿರ ಬಸ್ ಇಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ಅಪಾರ್ಟ್‌ಮೆಂಟುಗಳು, ಲೇಔಟುಗಳು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಈ ಕಡೆ ಹೊಲ ತೋಟಗಳೆಲ್ಲ ಬೇಗ ಬೇಗ ಸೈಟುಗಳಾದವು. ಕೆರೆ ಕಟ್ಟಿದ್ದೇ ಬೇಸಾಯಕ್ಕೆ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಹೊಲಗದ್ದೆಯೇ ಇಲ್ಲದ ಮೇಲೆ ತೂಬು ತೆಗೆಯುವವರು ಯಾರು? ಕಾಲುವೆ ಹೂಳು ಎತ್ತುವವರು ಯಾರು? ಕೆಲಸವಿಲ್ಲದ ಕೆರೆಗೆ ಮೊದಲು ಕಸ ಬೀಳುತ್ತದೆ, ಆಮೇಲೆ ಮಣ್ಣು ಬೀಳುತ್ತದೆ, ಆಮೇಲೆ ಬೇಲಿ ಬೀಳುತ್ತದೆ. ನಮ್ಮ ಕಡೆಯೂ ಅಂಥ ಎರಡು ಕೆರೆ ಹೋಗಿದ್ದನ್ನು ನೋಡಿದ್ದೇನೆ. ಈಗಲೂ ಆ ದಾರಿಯಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ.

ಗೇಟು ದಾಟಿ ಏರಿ ಹತ್ತಿದರೆ ಕಣ್ಣಿನ ತುಂಬಾ ನೀರು. ಸುಮಾರು 160 ಎಕರೆ. ನಡುವೆ ಮರಗಳು ಬೆಳೆದ ಪುಟ್ಟ ನಡುಗಡ್ಡೆ, ಮರದ ತುಂಬಾ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಕಾಯುತ್ತಿದ್ದವು. ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿದ್ದವು. ವಾಕಿಂಗಿಗೆ ಬಂದವರು ಬೇಕಾದಷ್ಟು ಜನ. ಆದರೆ ನಾನು ನೋಡಲು ಬಂದದ್ದು ನೀರು ಒಳಗೆ ಬರುವ ಜಾಗ, ಹಾಗಾಗಿ ನಿಲ್ಲದೆ ಉತ್ತರದ ತುದಿಗೆ ನಡೆದೆ.

ಅಲ್ಲಿದೆ ನೋಡಿ ಈ ಕೆರೆಯ ಗುಟ್ಟು. ಯಲಹಂಕ ಕಡೆಯ ಮನೆಗಳ ಕೊಳಚೆ ನೀರು ಜಲಮಂಡಳಿಯ ಶುದ್ಧೀಕರಣ ಘಟಕಕ್ಕೆ ಬರುತ್ತದೆ. ಶುರುವಿನಲ್ಲಿ ಅದು ದಿನಕ್ಕೆ 1 ಕೋಟಿ ಲೀಟರ್ ಶುದ್ಧ ಮಾಡುವ ಘಟಕ. ಆದರೆ ಅಲ್ಲಿಂದ ಹೊರಬಂದ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಸಾರಜನಕ, ರಂಜಕ ಉಳಿದೇ ಇರುತ್ತವೆ. ಅದನ್ನು ನೇರವಾಗಿ ಕೆರೆಗೆ ಬಿಟ್ಟರೆ ಪಾಚಿ ಕಟ್ಟುತ್ತದೆ, ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಅದಕ್ಕೇ ಘಟಕಕ್ಕೂ ಕೆರೆಗೂ ನಡುವೆ ಒಂದು ಜೌಗು ಮಾಡಿದ್ದಾರೆ. ಆಳ ಕಡಿಮೆ, ತುಂಬಾ ಜೊಂಡು, ಅಂತರಗಂಗೆ. ನೀರು ಅದರೊಳಗೆ ಸುಮ್ನೆ ನಿಧಾನಕ್ಕೆ ಹರಿಯುತ್ತಾ ಹೋದರೆ ಸಾಕು. ಕೆಸರು ತಳಕ್ಕೆ ಕೂರುತ್ತದೆ, ಬೇರುಗಳು ಗೊಬ್ಬರದ ಅಂಶ ಹೀರುತ್ತವೆ. ಬೆಳಿಗ್ಗೆ ಅಕ್ಕನ ಮನೆಯ ಸಿಂಕಿನಲ್ಲಿ ನಾನು ತೊಳೆದ ಕಾಫಿ ಲೋಟದ ನೀರೂ ಇಲ್ಲಿಗೇ ಬರುತ್ತದೆ ಅಲ್ವಾ ಅನ್ನಿಸಿತು. ಜೊಂಡಿನ ಬುಡದಲ್ಲಿ ನೇರಳೆ ಜಂಬುಕೋಳಿಯೊಂದು ಕೆಂಪು ಕಾಲಿನಿಂದ ಒಂದು ದಂಟು ಹಿಡಿದು, ಕೈಯಲ್ಲಿ ಕಬ್ಬು ಹಿಡಿದು ತಿನ್ನುವ ಹುಡುಗನ ಹಾಗೆ ಸಿಗಿದು ಸಿಗಿದು ತಿನ್ನುತ್ತಿತ್ತು. ಐದು ನಿಮಿಷ ಅಲ್ಲಾಡದೆ ನೋಡಿದೆ.

ಹಾಗಂತ ಎಲ್ಲಾ ಸರಿಯಿದೆ ಅಂತ ಅಲ್ಲ. ಮಳೆ ಜೋರಾದಾಗ ಮಳೆನೀರಿನ ಜೊತೆ ಶುದ್ಧವಾಗದ ಕೊಳಚೆಯೂ ನುಗ್ಗುತ್ತದೆ. ಜೊಂಡು, ಅಂತರಗಂಗೆ ಬೆಳೆದ ಹಾಗೆ ಕಿತ್ತು ಹೊರಹಾಕದಿದ್ದರೆ ಅಲ್ಲೇ ಕೊಳೆತು, ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಅಂದರೆ ಯಾರಾದರೂ ದಿನಾ ನೋಡುತ್ತಲೇ ಇರಬೇಕು. ಇಲ್ಲಿ ಜಲಪೋಷಣ್ ಅನ್ನುವ ಟ್ರಸ್ಟ್ ಕಟ್ಟಿಕೊಂಡು ಸುತ್ತಲಿನ ಜನ ಆ ಕೆಲಸಕ್ಕೆ ನಿಂತಿದ್ದಾರೆ. ನನಗೆ ತುಂಬಾ ಹಿಡಿಸಿದ್ದು ಏನಂದರೆ, ಈ ಕೆರೆ ಬರೀ ವಾಕಿಂಗ್ ಪಾರ್ಕ್ ಆಗಿಲ್ಲ. ಮೀನು ಹಿಡಿಯುವವರಿಗೂ ಜಾಗ ಇದೆ, ಹುಲ್ಲು ಕೊಯ್ಯುವವರಿಗೂ ಇದೆ, ಗಣೇಶನನ್ನು ಬಿಡಲು ಬೇರೆ ಕಲ್ಯಾಣಿ ಇದೆ.

ವಾಪಸ್ ಬರುವಾಗ ದಡದಲ್ಲಿ ಮೀನು ತೂಗುತ್ತಿದ್ದರು. ಕಟ್ಲಾ, ರೋಹು, ಜಿಲೇಬಿ. ಬಲೆಯಿಂದ ಬಿಡಿಸಿದ ಒಂದು ಕಟ್ಲಾ ತಕ್ಕಡಿಯಲ್ಲಿ ಇನ್ನೂ ಬಾಲ ಬಡಿಯುತ್ತಿತ್ತು. ಟ್ರ್ಯಾಕ್ ಸೂಟ್ ಹಾಕಿದವರೂ ಲುಂಗಿ ಉಟ್ಟವರೂ ಒಂದೇ ಸಾಲಲ್ಲಿ ಚೀಲ ಹಿಡಿದು ನಿಂತಿದ್ದರು. ಕೆಲವು ಕಡೆ ಕೆರೆ ಚಂದ ಮಾಡುತ್ತೇವೆ ಅಂತ ಸುತ್ತ ಬೇಲಿ ಹಾಕಿ, ಮೊದಲಿಂದ ಕೆರೆ ನಂಬಿದವರನ್ನೇ ಹೊರಗೆ ಹಾಕುತ್ತಾರೆ. ಅದು ತಪ್ಪು. ನೀರಿನ ಬಣ್ಣ ಒಂಚೂರು ಬದಲಾದರೂ ಮೊದಲು ಗೊತ್ತಾಗುವುದು ನೀರಲ್ಲಿ ಬಲೆ ಬಿಡುವವನಿಗೆ.

ಇನ್ನೂ ಸ್ವಲ್ಪ ಮುಂದೆ ಅಜ್ಜಿಯೊಬ್ಬರು ಹುಲ್ಲು ಕೊಯ್ಯುತ್ತಿದ್ದರು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಎಡಗೈಯಲ್ಲಿ ಹಿಡಿ ತುಂಬಾ ಹಿಡಿದು, ಕುಡುಗೋಲನ್ನು ನೆಲಕ್ಕೆ ಮುಟ್ಟಿಸದೆ ಎಳೆಯುತ್ತಿದ್ದರು. "ಎಷ್ಟು ಹಸು ಅಜ್ಜಿ?" ಅಂದೆ.

"ಎರಡೈತೆ ಕಣಪ್ಪ. ಮೊದಲು ನಮ್ಮ ಹೊಲದ್ ಬದದಾಗೇ ಹುಲ್ಲಿತ್ತು. ಈಗ ಹೊಲ ಇಲ್ಲ, ಅಲ್ಲಿ ಬಿಲ್ಡಿಂಗ್ ಐತೆ. ಹುಲ್ಲು ಅಂದ್ರೆ ಇದೇಯ."

ಹೊರೆ ಕಟ್ಟಿದ ಮೇಲೆ ಸುತ್ತ ನೋಡಿದರು. ನಾನು ಒಂದು ಕಡೆ ಕೈ ಕೊಟ್ಟು ಎತ್ತಿದೆ. ಹಸಿ ಹುಲ್ಲು ಅಷ್ಟು ಭಾರ ಅಂತ ಗೊತ್ತಿರಲಿಲ್ಲ. ಸಿಂಬಿ ಸರಿಮಾಡಿಕೊಂಡು, ತಲೆಯ ಮೇಲೆ ಹೊರೆ ಕೂತ ಮೇಲೆ, ಅಜ್ಜಿ ಕೇಳಿದರು, "ಯಾವೂರಪ್ಪ ನಿಂದು?"

"ದಾವಣಗೆರೆ."

"ದೂರ," ಅಂದು ಏರಿ ಇಳಿದು ನಡೆದರು. ಹೊರೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಗೇಟಿನವರೆಗೂ ಒದ್ದೆ ಗೆರೆ ಕಾಣುತ್ತಿತ್ತು.