ಮೆಡ್ಟ್‌ನರ್ ಕೇಳ್ತಾ ಬರೆದ ಪಿಯಾನೋ ಪೀಸ್

ಹೊಸ ಪೀಸ್ ಒಂದು ಮುಗಿಸಿದೀನಿ, ಇ ಮೈನರ್‌ನಲ್ಲಿ (ಪಾಶ್ಚಾತ್ಯ ಸಂಗೀತದ ಒಂದು ಸ್ವರಶ್ರೇಣಿ), ಚಿಕ್ಕದೇ. ಎಡಗೈ ಉದ್ದಕ್ಕೂ ಮೇಲೆ ಕೆಳಗೆ ಓಡ್ತಾನೇ ಇರುತ್ತೆ, ಟ್ಯೂನ್ ಮಾತ್ರ ಬಲಗೈ ಹೆಬ್ಬೆರಳಿಗೆ ಕೊಟ್ಟಿದೀನಿ, ಹಂಗಾಗಿ ಮೇಲಿನ ಬೆರಳುಗಳು ತುಂಬಾ ಮೆತ್ತಗೆ ಬೀಳ್ಬೇಕು, ಇಲ್ಲಾಂದ್ರೆ ಟ್ಯೂನ್ ಮುಚ್ಚೋಗುತ್ತೆ. ನಾದ ಎಳೆದು ಹಿಡಿಯೋ ಪೆಡಲ್‌ನ ಕಾಲಲ್ಲಿ ಅರ್ಧ ಒತ್ತಿದ್ರೆ ಸಾಕು.

ಬರೆಯೋವಾಗ ತಲೆ ತುಂಬಾ ನಿಕೊಲಾಯ್ ಮೆಡ್ಟ್‌ನರ್ ಇದ್ರು. ರಷ್ಯಾದ ಕಂಪೋಸರ್, ಇನ್ನೊಬ್ಬ ರಷ್ಯನ್ ಕಂಪೋಸರ್ ರಾಖ್ಮನಿನೋವ್ ಅವರ ಗೆಳೆಯರು, ಕೊನೆಗೆ ಲಂಡನ್‌ನಲ್ಲಿದ್ದು 1951ರಲ್ಲಿ ಅಲ್ಲೇ ತೀರ್ಕೊಂಡ್ರು. ಆರೋಗ್ಯ ಕೆಟ್ಟು ಕಷ್ಟದಲ್ಲಿದ್ದಾಗ ಅವರ ಸಂಗೀತ ರೆಕಾರ್ಡ್ ಮಾಡ್ಸೋಕೆ ದುಡ್ಡು ಕೊಟ್ಟಿದ್ದು ಯಾರು ಗೊತ್ತಾ, ನಮ್ಮ ಮೈಸೂರು ಮಹಾರಾಜರು ಜಯಚಾಮರಾಜ ಒಡೆಯರ್! ಅವರೂ ಪಿಯಾನೋ ಕಲಿತವರು, ಜೊತೆಗೆ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನ ರಚಿಸಿದವರು. ಮೆಡ್ಟ್‌ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೋನ (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸೋ ದೊಡ್ಡ ಪೀಸ್) ಮಹಾರಾಜರಿಗೇ ಅರ್ಪಿಸಿದಾರೆ, ಅದೂ ಇ ಮೈನರ್‌ನಲ್ಲೇ ಇದೆ.

1947ರಲ್ಲಿ ಫಿಲಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೆಡ್ಟ್‌ನರ್ ಅವರೇ ಅದನ್ನ ನುಡಿಸಿರೋ ರೆಕಾರ್ಡಿಂಗ್ ಇದೆ, ಹಳೇ ಕಾಲದ್ದು, ಸೌಂಡ್ ಸ್ವಲ್ಪ ಮಂಕು, ಆದ್ರೆ ಎಷ್ಟು ದಟ್ಟವಾಗಿ ಬರೆದಿದ್ರೂ ಅವರ ಕೈಯಲ್ಲಿ ಒಂದೊಂದು ಎಳೆನೂ ಬಿಡಿಬಿಡಿಯಾಗಿ ಕೇಳ್ಸುತ್ತೆ, ಆಮೇಲಿನವರು ನುಡಿಸಿದ್ದಕ್ಕಿಂತ ನನಗೆ ಇದೇ ಇಷ್ಟ. ಕನ್ಚರ್ಟೋ ಭಾರ ಅನ್ಸಿದ್ರೆ ಪಿಯಾನೋ ವಾದಕ ಎಮಿಲ್ ಗಿಲೆಲ್ಸ್ ನುಡಿಸಿರೋ, ಮೆಡ್ಟ್‌ನರ್ ಅವರದೇ ಪಿಯಾನೋ ಪೀಸ್ ಸೊನಾಟಾ ರೆಮಿನಿಸೆನ್ಜಾದಿಂದ ಶುರು ಮಾಡಿ. ಅದರ ಮೊದಲ ಟ್ಯೂನ್ ಮಧ್ಯದಲ್ಲಿ ಮತ್ತೆ ಬರೋ ಜಾಗ ಗಮನಿಸಿ, ಅಲ್ಲಿ ಗಿಲೆಲ್ಸ್ ಒಂಚೂರೂ ಅವಸರ ಮಾಡಲ್ಲ.