ಸೋಲು ಅನ್ನೋ ಹೆಸರಿನ ವರ್ಷ

ಯುಗಾದಿ ಮಾರನೇ ದಿನ ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆ ಇರಾನಿ ಆಂಟಿ ಬಾಗಿಲು ಬಡಿದು "ಬೇಗ ಬಾ, ಇನ್ನು ಹತ್ತೇ ನಿಮಿಷ" ಅಂದ್ರು, ಮೀಟಿಂಗ್ ಮ್ಯೂಟ್ ಮಾಡಿ ಬೇವು-ಬೆಲ್ಲದ ಡಬ್ಬಿ ಹಿಡ್ಕೊಂಡು ಓಡಿದೆ. ಅವರ ನೌರೂಜ್ ಹಂಗೇ, ಹಗಲು ರಾತ್ರಿ ಸಮ ಆಗೋ ಆ ನಿಮಿಷಕ್ಕೇ ಹೊಸ ವರ್ಷ, 2026ರದ್ದು ಇಲ್ಲಿ ಇಂಗ್ಲೆಂಡ್ ಟೈಮಲ್ಲಿ 2.46ಕ್ಕೆ. ಟೇಬಲ್ ಮೇಲೆ ಗೋಧಿ ಮೊಳಕೆ, ಸೇಬು, ಬೆಳ್ಳುಳ್ಳಿ, ವಿನೆಗರ್, ಹೀಗೆ ಫಾರ್ಸಿಯಲ್ಲಿ 'ಸ'ದಿಂದ ಶುರುವಾಗೋ ಏಳು ಐಟಂ, ಜೊತೆಗೊಂದು ಕನ್ನಡಿ.

ಬೇವು ತಿಂದು ಅವರು ಮುಖ ಹಿಂಡಿದ್ರು. ನನಗೋ ಜಂಬ, ನಮ್ಮಲ್ಲಿ ವರ್ಷಕ್ಕೆ ನಂಬರ್ ಮಾತ್ರ ಅಲ್ಲ, ಹೆಸರೂ ಇರುತ್ತೆ, 60 ಹೆಸರು, ಮುಗಿದ್ಮೇಲೆ ಮತ್ತೆ ಮೊದಲಿಂದ ಅಂದೆ.

"ಈ ವರ್ಷದ ಹೆಸರೇನು?"

"ಪರಾಭವ."

"ಅಂದ್ರೆ?"

ಸಿಕ್ಕಿಹಾಕ್ಕೊಂಡೆ. "ಸೋಲು" ಅಂದೆ. "ಸೋಲಿಗೆ ಸಿಹಿ ಹಂಚ್ತೀರಾ!" ಅಂತ ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. ಆಮೇಲೆ ಸುಮ್ಮನೆ ಕೇಳಿದ್ರು, ಹಿಂದಿನ ಸೋಲು ಯಾವಾಗ ಬಂದಿತ್ತು ಅಂತ. 60 ಕಳೆದ್ರೆ 1966. ಅಯ್ಯೋ, ಅಮ್ಮ ಹುಟ್ಟಿದ ವರ್ಷ! "ಹಾಗಾದ್ರೆ ನಿಮ್ಮಮ್ಮ ಒಂದು ಸುತ್ತು ಪೂರ್ತಿ ಮಾಡಿದ್ರು, ದೊಡ್ಡ ಹಬ್ಬ ಇರಬೇಕಲ್ಲ?"

ಏನಿಲ್ಲ ಅನ್ನೋಕೆ ನಾಚಿಕೆ ಆಯ್ತು. ಅಪ್ಪನಿಗೆ 60 ಆದಾಗ ಷಷ್ಟ್ಯಬ್ದಿ ಅಂತ ಶಾಮಿಯಾನ, ಹೋಮ, ಮತ್ತೆ ತಾಳಿ ಕಟ್ಟಿಸಿದ್ದು, ನಾನು ರಜಾ ಹಾಕಿ ಹೋಗಿದ್ದೆ. ಅಮ್ಮಂಗೆ ಬರೋ ಶ್ರಾವಣಕ್ಕೆ ತುಂಬುತ್ತೆ, ಯಾರ ಬಾಯಲ್ಲೂ ಮಾತಿಲ್ಲ.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಪ್ರತಿ ಜನವರಿ ಒಂದಕ್ಕೆ ದೊಡ್ಡಪ್ಪ "ಇದು ಬ್ರಿಟಿಷರ ಹೊಸ ವರ್ಷ, ನಮ್ಮದಲ್ಲ" ಅಂತ ಕಳಿಸೇ ಕಳಿಸ್ತಾರೆ. ಈ ಇಂಗ್ಲೆಂಡಿನವರೇ 1751ರವರೆಗೆ ಮಾರ್ಚ್ 25ಕ್ಕೆ ವರ್ಷ ಶುರು ಮಾಡ್ತಿದ್ರು, ಜನವರಿ ಒಂದು ಅವರಿಗೂ 1752ರಲ್ಲಿ ಬಂದಿದ್ದು, ಮೂಲ ನೋಡಿದ್ರೆ ರೋಮಿನದ್ದು. ಅಲ್ಲೂ ಮೊದಲು ಮಾರ್ಚೇ ಮೊದಲ ತಿಂಗಳು, ಅದಕ್ಕೇ ಏಳು ಅನ್ನೋ ಅರ್ಥದ ಸೆಪ್ಟೆಂಬರ್ ಈಗ ಒಂಬತ್ತನೇದಾಗಿ ಕೂತಿದೆ. ಇದನ್ನ ಗ್ರೂಪಲ್ಲಿ ಹಾಕಿ, ಈಗ ನಡೀತಿರೋ ಸಂವತ್ಸರ ಯಾವುದು ದೊಡ್ಡಪ್ಪ ಅಂತ ಕೇಳಿದ್ದೆ ಒಂದ್ಸಲ, ಕೈ ಮುಗಿಯೋ ಇಮೋಜಿ ಬಂತು ಅಷ್ಟೇ.

ಮನೆಗೆ ಬಂದವಳೇ ಅಮ್ಮಂಗೆ ಫೋನ್ ಮಾಡಿದೆ, ಅಲ್ಲಿ ರಾತ್ರಿ ಊಟದ ಹೊತ್ತು. ನಿನ್ನ ವರ್ಷ ವಾಪಸ್ ಬಂದಿದೆ, ಶ್ರಾವಣಕ್ಕೆ ಬರ್ತೀನಿ, ಏನಾದ್ರೂ ಮಾಡೋಣ ಅಂದೆ. "ಅಪ್ಪಂದಾದಾಗ್ಲೇ ನಂದೂ ಆಯ್ತಲ್ಲೇ, ಹೆಂಗಸರಿಗೆ ಬೇರೆ ಎಲ್ಲಿದೆ" ಅಂದ್ಲು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಪರಾಭವನಾ ಈ ಸಲ? ಅಪ್ಪ ಪಂಚಾಂಗ ಓದೋವಾಗ ನಾನು ಹೋಳಿಗೆ ಬೇಯಿಸ್ತಿದ್ದೆ, ಕೇಳಿಸ್ಲೇ ಇಲ್ಲ."