ಆಗುಂಬೆ ಘಾಟಿ, ಮಬ್ಬು ಗಾಜು ಮತ್ತು 450 ಗ್ರಾಂ ಗ್ಯಾಸ್

ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಕಾರಲ್ಲಿ ಎಸಿ ಯಾಕೆ ಅಂತ ಭಾವ ಯಾವಾಗಲೂ ಕೇಳುತ್ತಾರೆ. ಸೆಕೆಗಲ್ಲ ಭಾವ, ಗಾಜಿಗೆ. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ ನಾಲ್ಕು ಜನ ಉಸಿರಾಡಿದರೆ ಸಾಕು, ಗಾಜೆಲ್ಲ ಒಳಗಿಂದ ಬೆಳ್ಳಗಾಗುತ್ತದೆ. ಎಸಿ ಹಾಕಿದರೆ ಗಾಳಿಯ ಪಸೆ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ ಇಳಿದುಹೋಗುತ್ತದೆ, ಗಾಜು ತಿಳಿಯಾಗುತ್ತದೆ.

ಈ ಸಲ ಘಾಟಿ ಮಧ್ಯದಲ್ಲೇ ಎಸಿ ಕೈಕೊಟ್ಟಿತು. ಪಂಚೆಯಲ್ಲಿ ಗಾಜು ಒರೆಸುತ್ತಾ ಸೋಮೇಶ್ವರ ಮುಟ್ಟಿದೆವು.

ಹೋದ ವರ್ಷವಷ್ಟೇ ಒಂದು ಗ್ಯಾರೇಜಿನಲ್ಲಿ ಗ್ಯಾಸ್ ಹಾಕಿಸಿದ್ದೆ. ಲೀಕ್ ಹುಡುಕದೆ ಸುಮ್ನೆ ತುಂಬಿ ಕಳಿಸಿದ್ದರು. ಇದೇನು ಪೆಟ್ರೋಲ್ ಹಾಗೆ ಉರಿದು ಮುಗಿಯುತ್ತದಾ? ಒಳಗೇ ಸುತ್ತುತ್ತಿರುತ್ತದೆ. ವರ್ಷಕ್ಕೇ ಖಾಲಿ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ.

"ಫ್ರಿಜ್ ರಿಪೇರಿ ಹುಡುಗನ ಹತ್ರ ಗ್ಯಾಸ್ ಇದೆ, ಅದನ್ನೇ ಹಾಕ್ಸು ಮಾರಾಯ. ತಣ್ಣಗಾದ್ರೆ ಆಯ್ತಲ್ವಾ?" ಅಂದರು ಭಾವ.

ಬಾನೆಟ್ ಒಳಗಿನ ಚೀಟಿಯಲ್ಲಿ ಗ್ಯಾಸಿನ ಹೆಸರು, ತೂಕ ಓದಿದೆ: ಆರ್-134ಎ, 450 ಗ್ರಾಂ. ಫ್ರಿಜ್ಜಿನ ಹಿಂದೆ: ಆರ್-600ಎ, 52 ಗ್ರಾಂ, ಪಕ್ಕದಲ್ಲಿ ಬೆಂಕಿಯ ಗುರುತು. 600ಎ ಅಂದರೆ ಐಸೋಬ್ಯುಟೇನ್, ಅಡುಗೆ ಗ್ಯಾಸಿನ ದಾಯಾದಿ. ಫ್ರಿಜ್ಜಿನಲ್ಲಿ ಅಷ್ಟು ಚೂರಿದ್ದರೆ ಪರವಾಗಿಲ್ಲ. ಕಾರಿನ ಕಾಯಿಲ್ ನಮ್ಮ ಮುಖದ ಮುಂದೆಯೇ ಇರುತ್ತದೆ, ಅಲ್ಲಿ ಅದು ಸೋರಿದರೆ? ಒತ್ತಡವೂ ಹೊಂದುವುದಿಲ್ಲ, ಕುದಿಯುವ ಬಿಸಿ ಬೇರೆಯಾದರೆ ಒತ್ತಡವೂ ಬೇರೆಯೇ. 134ಎ ಕುದಿಯುವುದು ಮೈನಸ್ 26 ಡಿಗ್ರಿಗೆ, 600ಎ ಮೈನಸ್ 12ಕ್ಕೆ.

ಶಿವಮೊಗ್ಗದ ಮೆಕ್ಯಾನಿಕ್ ಮೊದಲು ನೈಟ್ರೋಜನ್ ಬಿಟ್ಟು, ಜಾಯಿಂಟುಗಳಿಗೆಲ್ಲ ಸೋಪಿನ ನೊರೆ ಬಳಿದರು. ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಪೈಪಿನ ಬುಡದಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅಲ್ಲಿನ ಓ-ರಿಂಗ್ ಅನ್ನೋ ರಬ್ಬರ್ ಬಳೆ ಬದಲಿಸಿ, ಒಳಗಿನ ಗಾಳಿ, ಪಸೆ ಎಳೆದು ತೆಗೆಯಲು ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿ, ಸಿಲಿಂಡರನ್ನು ತಕ್ಕಡಿ ಮೇಲೆ ಇಟ್ಟು ತೂಗಿಯೇ ತುಂಬಿದರು. ಒತ್ತಡ ತೋರಿಸುವ ಗೇಜ್ ಸಾಲದಾ ಅಂದೆ. ಸಾಲದಂತೆ. ಎಂಜಿನ್ ನಿಂತಿರುವಾಗ, ಒಳಗೆ ಚೂರು ದ್ರವ ಉಳಿದಿದ್ದರೂ 25 ಡಿಗ್ರಿ ಹವೆಯಲ್ಲಿ ಮುಳ್ಳು 80 ಪಿಎಸ್‌ಐ ಹತ್ತಿರವೇ ನಿಲ್ಲುತ್ತದೆ. 200 ಗ್ರಾಂ ಇದ್ದರೂ ಅಷ್ಟೇ, 450 ಇದ್ದರೂ ಅಷ್ಟೇ. ನಮ್ಮ ಅಡಿಕೆ ತೂಗುವಾಗಲೂ ನಾನು ತಕ್ಕಡಿಯನ್ನು ಅಷ್ಟು ನೋಡಿಲ್ಲ.

ಹಿಂದೆ ಕಾರಿಗೂ ಫ್ರಿಜ್ಜಿಗೂ ಆರ್-12 ಅನ್ನೋ ಗ್ಯಾಸ್ ಹಾಕುತ್ತಿದ್ದರು. ಅದು ಓಜೋನ್ ಪದರ ತಿನ್ನುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹೋಯಿತು. 134ಎ ಓಜೋನ್ ಮುಟ್ಟುವುದಿಲ್ಲ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ನನ್ನ ಕಾರಿಂದ ಸೋರಿದ್ದು ಸುಮಾರು 600 ಕೆ.ಜಿ. ಡೈಆಕ್ಸೈಡಿಗೆ ಸಮ! ಈಗ ಹೊಸ ಕಾರುಗಳಿಗೆ 1234ವೈಎಫ್ ಬಂದಿದೆ. ಬಿಸಿಯ ಕಾಟ ತೀರಾ ಕಡಿಮೆ, ರೇಟು ಜಾಸ್ತಿ, ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಗುಣವೂ ಇದೆ.

ಹಳೇ ಓ-ರಿಂಗ್ ಕೇಳಿ ತಂದಿದ್ದೆ. ಭಾವ ಬೆರಳಲ್ಲಿ ಒತ್ತಿದರು, ಬಳೆ ಚೂರಿನ ಹಾಗೆ ಪಟಕ್ಕನೆ ಮುರಿಯಿತು.

"ಇಷ್ಟಕ್ಕೆ ಎರಡು ಸಲ ಗ್ಯಾಸ್ ಹಾಕ್ಸಿದ್ಯಾ?" ಅಂದರು.